ಲೆಕ್ಕ ಬಾಯಲ್ಲಿ ಬರುತ್ತೆ, ಪುಸ್ತಕಕ್ಕೆ ಇಳಿಯಲ್ಲ: ಐದನೇ ಕ್ಲಾಸಿನ ಮಗನ ಬಗ್ಗೆ ಸಲಹೆ ಬೇಕಿತ್ತು

ತುಂಗಾತೀರ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲೂಕು. ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ. ಮಗ ಊರಿನ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು. ಅವನ ವಿಷಯ ಹೇಳಿದರೆ ಅರ್ಧ ಜನ ನಂಬಲ್ಲ, ಇನ್ನರ್ಧ ಜನ ನಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಎರಡು ತಿಂಗಳ ಹಿಂದೆ ಅವನ ಅಜ್ಜ ಮಂಡಿಗೆ ಅಡಿಕೆ ಕೊಟ್ಟು ಬಂದರು. ರಾಶಿ ಅನ್ನೋ ಬಗೆಯದ್ದು, 3 ಕ್ವಿಂಟಲ್ 27 ಕೆ.ಜಿ. ಸಿಕ್ಕಿದ ರೇಟು ಕ್ವಿಂಟಲ್‌ಗೆ 48,600. ಜಗಲಿಯಲ್ಲಿ ಕೂತು ಚೀಟಿ ಓದಿ ಹೇಳುತ್ತಿದ್ದರು. ಬೆಕ್ಕಿನ ಮರಿ ಜೊತೆ ಆಡುತ್ತಿದ್ದ ಇವನು ತಲೆ ಎತ್ತದೆ "1,58,922" ಅಂದ. ಮೊಬೈಲಲ್ಲಿ ಹಾಕಿ ನೋಡಿದರೆ ಸರಿಯಾಗಿದೆ. ಹೇಗೆ ಮಾಡಿದೆಯೋ ಅಂದರೆ, "ಕೆ.ಜಿ.ಗೆ 486 ಅಲ್ವಾ, 500 ಅಂತ ಹಿಡಿದು ಆಮೇಲೆ 14ರ ಲೆಕ್ಕ ತೆಗೆದೆ" ಅಂದ. ಮತ್ತೆ ಬೆಕ್ಕಿನ ಮರಿ.

ಅದೇ ವಾರ ಶಾಲೆಯ ಗಣಿತ ಟೆಸ್ಟಿನಲ್ಲಿ 20ಕ್ಕೆ 6. ಪೇಪರ್ ತರಿಸಿ ನೋಡಿದೆ. ಬೋರ್ಡಿನ ಮೇಲಿದ್ದ 27 ಇವನ ಪುಸ್ತಕದಲ್ಲಿ 72 ಆಗಿದೆ. ಆ 72ಕ್ಕೆ ಮಾಡಿದ ಲೆಕ್ಕ ಸರಿಯಾಗಿಯೇ ಇದೆ! ಎರಡು ಕಡೆ ಬರೀ ಉತ್ತರ, ಕ್ರಮ ಇಲ್ಲ. ಅದಕ್ಕೆ ಸೊನ್ನೆ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ಯಾರದ್ದು ನೋಡಿದ್ದು?" ಅಂತ ಬರೆದಿದ್ದಾರೆ.

ಕನ್ನಡ ಇನ್ನೂ ಕಷ್ಟ. "ಸೂರ್ಯ" ಬರೆಸಿದರೆ "ಸೂಯ". "ತಂದೆ" ಅಂದರೆ "ತದೆ". "ಅಜ್ಜ" ಅಂದರೆ "ಅಜ". ಓದುವಾಗ ಅಕ್ಷರಕ್ಕೊಂದು ಸಲ ಬೆರಳು ಇಡುತ್ತಾನೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಶುರು ಮರೆತಿರುತ್ತೆ. ಅದೇ ಪಾಠ ನಾನು ಓದಿ ಹೇಳಿದರೆ ಒಂದೇ ಸಲ ಸಾಕು. ಆಮೇಲೆ ಅವನು ಕೇಳುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲ್ಲ.

ಈ ಸಲ ನವೋದಯ ಪರೀಕ್ಷೆ ಕಟ್ಟಿಸೋಣ ಅಂತ ಆಸೆ ಇತ್ತು. ಶಾಲೆಯಲ್ಲಿ ಕೇಳಿದೆ. "ನೆಟ್ಟಗೆ ಓದೋಕೆ ಬರದವನಿಗೆ ನವೋದಯ ಯಾಕಮ್ಮಾ, ಆ ಲೆಕ್ಕದ ಹುಚ್ಚು ಬಿಡಿಸಿ, ದಿನಾ ನಾಲ್ಕು ಪುಟ ಕಾಪಿ ಬರೆಸಿ" ಅಂದರು. ಬರೆಸುತ್ತಿದ್ದೇನೆ. ರಾತ್ರಿ ಹತ್ತಾಗುತ್ತೆ. ಅವನೂ ಅಳುತ್ತಾನೆ, ಕೆಲವು ದಿನ ನಾನೂ.

ಈಗ ಅಜ್ಜ ಬೇಕಂತಲೇ ಚೀಟಿ ಜೋರಾಗಿ ಓದುತ್ತಾರೆ. ಇವನು ಬಾಯಿ ಬಿಡಲ್ಲ. ನನಗೆ ಹೆದರಿಕೆ ಆಗಿರೋದು ಅದಕ್ಕೆ. ಇದು ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯೋಕೆ ಆಗುವ ತೊಂದರೆ, ಇರಬಹುದಾ? ಇಷ್ಟು ಚುರುಕು ಇದ್ದವರಿಗೂ ಅದು ಬರುತ್ತಾ?

ಅಡಿಕೆಮಂಡಿ · ಭಾನುವಾರ ರಾತ್ರಿ

ಎಂಥದ್ದೂ ಆಗಿಲ್ಲ ಮಾರಾಯ್ರೆ. ಮೊಬೈಲ್ ಕಸಿದಿಡಿ, ಸರಿಹೋಗುತ್ತೆ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಾನೂ ಏಳನೇ ಕ್ಲಾಸಿಗೆ ಬಿಟ್ಟವನು. ಬರೆಯೋದು ಅಂದರೆ ಆಗುತ್ತಿರಲಿಲ್ಲ. ಇವತ್ತು ಮಂಡಿ ನಡೆಸುತ್ತಿದ್ದೇನೆ, ಲೆಕ್ಕ ಎಲ್ಲ ತಲೆಯಲ್ಲೇ. ಬರೆದುಕೊಳ್ಳೋಕೆ ಗುಮಾಸ್ತ ಇದ್ದಾನೆ. ಸುಮ್ನೆ ಡಾಕ್ಟರ್ ಹತ್ತಿರ ಓಡಬೇಡಿ.

ಹೊಸನಗರದ ಮೇಷ್ಟ್ರು · ಸೋಮವಾರ ಬೆಳಿಗ್ಗೆ

ಅಕ್ಕ, ನಾನು 19 ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಕಾಪಿ ಬರೆಸೋದು ಇವತ್ತೇ ನಿಲ್ಲಿಸಿ. ಒಂದು ಅಕ್ಷರ ಅವನ ಕಣ್ಣಿಗೆ ತಪ್ಪಾಗಿಯೇ ಬೀಳುತ್ತಿದ್ದರೆ, ನಾಲ್ಕು ಪುಟ ಬರೆದಾಗ ಆ ತಪ್ಪೇ ಗಟ್ಟಿಯಾಗುತ್ತೆ.

ಟೀಚರ್ ಪರವಾಗಿಯೂ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಶಾಲೆಗಳಲ್ಲಿ ಇಬ್ಬರು ಐದು ಕ್ಲಾಸು ನೋಡುತ್ತೇವೆ. ನಡುವೆ ಬಿಸಿಯೂಟ, ದಾಖಲೆ, ಮೀಟಿಂಗು. ಬಾಯಲ್ಲಿ ಹೇಳೋದು, ಬರೆಯೋದು ಎರಡೂ ಬಾರದ ಮಗುವನ್ನು ನೋಡಿದರೆ ಪಾಪ ಅನಿಸುತ್ತೆ, ಹತ್ತಿರ ಕೂರಿಸಿಕೊಳ್ಳುತ್ತೇವೆ. ಬಾಯಲ್ಲಿ ಪಟಪಟ ಉತ್ತರ ಹೇಳಿ ಪುಸ್ತಕದಲ್ಲಿ ಬರೆಯದ ಮಗು ಇದೆಯಲ್ಲ, ಅದು ನಮ್ಮ ಕಣ್ಣಿಗೆ ಕೊಬ್ಬು ಅಂತ ಕಾಣುತ್ತೆ. ನಾನೂ ಹಾಗೆ ಅಂದುಕೊಂಡು ಒಬ್ಬ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆಮೇಲೆ ಬಿಆರ್‌ಸಿ (ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ತರಬೇತಿಯಲ್ಲಿ ಇದರ ಬಗ್ಗೆ ಕೇಳಿದಾಗ ಮೊದಲು ನೆನಪಾಗಿದ್ದು ಅವನ ಮುಖ.

ಇಲಾಖೆಯ ಲೆಕ್ಕದಲ್ಲೂ ಹಾಗೇ. ಪ್ರತಿಭಾ ಕಾರಂಜಿಗೆ ಹೋಗುವವರ ಪಟ್ಟಿ ಬೇರೆ, ವಿಶೇಷ ಅಗತ್ಯದ ಮಕ್ಕಳ ಪಟ್ಟಿ ಬೇರೆ. ಒಂದೇ ಹೆಸರು ಎರಡೂ ಪಟ್ಟಿಯಲ್ಲಿ ಇದ್ದದ್ದನ್ನು ನಾನಂತೂ ನೋಡಿಲ್ಲ. ನಿಮ್ಮ ಮಗನ ಹೆಸರು ಎರಡರಲ್ಲೂ ಇರಬೇಕಾದ್ದು.

ಇಂಗ್ಲಿಷ್ ಲೇಖನಗಳಲ್ಲಿ 'ಬಿ', 'ಡಿ' ಉಲ್ಟಾ ಬರೆಯುತ್ತಾರೆ ಅಂತ ಇರುತ್ತೆ. ಕನ್ನಡದಲ್ಲಿ ನೋಡಬೇಕಾದ್ದು ಬೇರೆ. ಒತ್ತು ಬಿಡೋದು, ಸೊನ್ನೆ ಬಿಡೋದು, ದೀರ್ಘ ತಪ್ಪೋದು, ವ-ಮ, ಪ-ಷ, ಬ-ಭ ಅದಲುಬದಲಾಗೋದು. ನೀವು ಬರೆದ ಮೂರು ಪದಗಳಲ್ಲೂ ಅದೇ ಇದೆ. "ಸೂರ್ಯ" ನೋಡಿ. ಅರ್ಕಾವತ್ತು ಬರೆಯೋದು ಯ ಆದಮೇಲೆ, ಓದೋದು ಯಕ್ಕಿಂತ ಮೊದಲು. ನಮಗೆ ಅಭ್ಯಾಸ ಆಗಿಹೋಗಿದೆ, ಗೊತ್ತಾಗಲ್ಲ. ಇಂಥ ಮಗುವಿಗೆ ಅದು ದೊಡ್ಡ ಗೋಜಲು. ಸಣ್ಣ ಕ್ಲಾಸಿನ ನಲಿ-ಕಲಿಯಲ್ಲಿ "ರಗಸದಅ" ಅನ್ನೋ ಅಕ್ಷರಗಳ ಗುಂಪು ಮುಗಿದ ಮೇಲೆ "ಜವಮಬನ" ಬರುತ್ತೆ. ವ, ಮ ಎರಡೂ ಒಂದೇ ಗುಂಪು. ಬೇರೆ ಮಕ್ಕಳು ದಾಟಿಬಿಡುತ್ತಾರೆ, ಇವರು ಅಲ್ಲೇ ಎಡವಿರುತ್ತಾರೆ, ಯಾರೂ ಗಮನಿಸಿರಲ್ಲ.

ಒಂದು ಎಚ್ಚರಿಕೆಯೂ ಇದೆ. ಕನ್ನಡದ ಅಕ್ಷರಗಳು ಎಲ್ಲ ಮಕ್ಕಳಿಗೂ ನಿಧಾನವೇ. ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕಾಗುಣಿತ, ಒತ್ತಕ್ಷರ ಹಿಡಿತಕ್ಕೆ ಬರೋಕೆ ಮಕ್ಕಳು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ ಅಂತ ಇದೆ. ಎರಡನೇ ಕ್ಲಾಸಿನ ಮಗು ಒತ್ತು ಬಿಟ್ಟರೆ ಗಾಬರಿ ಬೇಡ. ಐದನೇ ಕ್ಲಾಸಿನಲ್ಲಿ "ಅಜ" ಅಂತ ಬರೆದರೆ ನೋಡಿಸಬೇಕು.

ಮಲೆನಾಡ ಮಳೆ · ಸೋಮವಾರ ಮಧ್ಯಾಹ್ನ

ನಾನು ಕ್ಲಿನಿಕಲ್ ಸೈಕಾಲಜಿ ಓದಿ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಓದಿ ಇಂಥದ್ದೇ ಅಂತ ಹೇಳೋಕೆ ಬರಲ್ಲ. ಕಣ್ಣು, ಕಿವಿ ತೋರಿಸಿದ್ದೀರಾ? ಎಲ್ಲದಕ್ಕಿಂತ ಮೊದಲು ಅದು.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಚುರುಕು ಇರುವವರಿಗೂ ಬರುತ್ತೆ. ಇಂಥ ಮಕ್ಕಳಿಗೆ ಟ್ವೈಸ್ ಎಕ್ಸೆಪ್ಷನಲ್ ಅನ್ನುತ್ತಾರೆ. ಒಂದು ಕಡೆ ವಯಸ್ಸಿಗೆ ಮೀರಿದ ಶಕ್ತಿ, ಇನ್ನೊಂದು ಕಡೆ ಓದು, ಬರಹ ಅಥವಾ ಗಮನದ ತೊಂದರೆ. ತೊಂದರೆ ಏನೆಂದರೆ, ಎರಡೂ ಒಂದನ್ನೊಂದು ಮುಚ್ಚಿಹಾಕುತ್ತವೆ. ಒಂದು ಮತ್ತು ಎರಡನೇ ಕ್ಲಾಸಿನಲ್ಲಿ ಪಾಠ ಕೇಳಿ ಬಾಯಿಪಾಠ ಮಾಡಿ, ಪುಸ್ತಕ ಹಿಡಿದು ಓದಿದ ಹಾಗೆ ಹೇಳಿಬಿಡುತ್ತಾರೆ. ಪಾಠ ಉದ್ದ ಆದಮೇಲೆ ಸಿಕ್ಕಿಬೀಳುತ್ತಾರೆ. ನಿಮ್ಮ ಮಗನೂ ಹಾಗೆ ಮಾಡುತ್ತಿದ್ದನಾ ನೆನಪಿಸಿಕೊಳ್ಳಿ.

ಪರೀಕ್ಷೆ ಮಾಡಿಸುವಾಗ ಎರಡು ಕಡೆ ಜಾಗ್ರತೆ ಬೇಕು.

ಬುದ್ಧಿಮಟ್ಟದ ಪರೀಕ್ಷೆಗೆ ನಮ್ಮಲ್ಲಿ ಮಿಸಿಕ್ ಅನ್ನೋದನ್ನು ಜಾಸ್ತಿ ಬಳಸುತ್ತಾರೆ. ಅದರಲ್ಲಿ ಹಲವು ಭಾಗ. ಬಣ್ಣದ ಬ್ಲಾಕ್ ಜೋಡಿಸೋದು, ಹೋಲಿಕೆ ಹೇಳೋದು, ಅಂಕಿಗಳನ್ನು ಕೇಳಿ ತಿರುಗಿ ಹೇಳೋದು, ಗುರುತುಗಳನ್ನು ಬೇಗ ಬೇಗ ನಕಲು ಮಾಡೋದು, ಹೀಗೆ. ಇಂಥ ಮಗು ಬ್ಲಾಕಿನಲ್ಲಿ ಬಹಳ ಮೇಲೆ ಹೋಗಿ, ನಕಲು ಮಾಡೋದರಲ್ಲಿ ಬಹಳ ಕೆಳಗೆ ಬೀಳಬಹುದು. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ "ಸಾಧಾರಣ" ಅಂತ ಬರುತ್ತೆ. ಆಗ ಶಕ್ತಿಯೂ ಕಾಣಲ್ಲ, ತೊಂದರೆಯೂ ಕಾಣಲ್ಲ. ಅದಕ್ಕೆ ಒಟ್ಟು ಅಂಕಿ ಮಾತ್ರ ತೆಗೆದುಕೊಂಡು ಬರಬೇಡಿ. ಒಂದೊಂದು ಭಾಗದ ಅಂಕಿಯನ್ನೂ ಬರೆದುಕೊಡಿ ಅಂತ ಕೇಳಿ.

ಆಮೇಲೆ ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷೆ. ಓದು ಬರಹ ತನ್ನ ತರಗತಿಗಿಂತ ಎರಡು ತರಗತಿ ಹಿಂದೆ ಇದೆಯಾ ಅಂತ ಸಾಮಾನ್ಯವಾಗಿ ನೋಡುತ್ತಾರೆ. ಬುದ್ಧಿ ಜಾಸ್ತಿ ಇರುವ ಮಗು ಹೇಗೋ ಊಹೆ ಮಾಡಿ ಒಂದೇ ತರಗತಿ ಹಿಂದೆ ನಿಂತುಬಿಡುತ್ತೆ. "ಏನೂ ಇಲ್ಲ, ಕರೆದುಕೊಂಡು ಹೋಗಿ" ಅನ್ನುತ್ತಾರೆ. ಹಾಗಾದರೆ ಜಗಳ ಬೇಡ. ಅವನು ಎಷ್ಟು ಹೊತ್ತು ತೆಗೆದುಕೊಂಡ, ಎಷ್ಟು ಸುಸ್ತಾದ ಅನ್ನೋದನ್ನೂ ವರದಿಯಲ್ಲಿ ಸೇರಿಸೋಕೆ ಕೇಳಿ.

ತುಂಗಾತೀರ · ಸೋಮವಾರ ರಾತ್ರಿ

ಬಾಯಿಪಾಠದ ವಿಷಯ ಓದಿ ಮೈ ಜುಂ ಅಂತು. ಎರಡನೇ ಕ್ಲಾಸಿನಲ್ಲಿ ಪುಸ್ತಕ ತಲೆಕೆಳಗೆ ಹಿಡಿದು ಪೂರ್ತಿ ಪದ್ಯ "ಓದಿದ್ದ". ನಾವೆಲ್ಲ ನಕ್ಕಿದ್ದೆವು.

ಇವತ್ತು ಕಾಪಿ ಬರೆಸಿಲ್ಲ ಮೇಷ್ಟ್ರೇ. ಎಂಟೂವರೆಗೆ ಮಲಗಿದ.

ಆದರೆ ಪರೀಕ್ಷೆಯಲ್ಲಿ ತೊಂದರೆ ಇದೆ ಅಂತ ಬಂದರೆ ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಬೇಕಾಗಬಹುದು ಅಂದಿದ್ದಕ್ಕೆ ಮನೆಯಲ್ಲಿ ದೊಡ್ಡ ರಾಮಾಯಣ. ಅತ್ತೆ "ಕೈಕಾಲು ನೆಟ್ಟಗಿರುವ ಮಗುವಿಗೆ ಅಂಗವಿಕಲ ಅಂತ ಬರೆಸ್ತೀಯಾ" ಅಂದರು. ಇವರು ಏನೂ ಹೇಳಲಿಲ್ಲ. ತೋಟಕ್ಕೆ ಹೋದರು.

ಸಾಗರದಿಂದ · ಮಂಗಳವಾರ ಬೆಳಿಗ್ಗೆ

ನಮ್ಮ ಮನೆಯಲ್ಲೂ ಅದೇ ಮಾತು ಬಂದಿತ್ತು ತಂಗಿ. ನನ್ನ ಮಗಳಿಗೆ ಬರವಣಿಗೆಯ ತೊಂದರೆ, ಡಿಸ್‌ಗ್ರಾಫಿಯಾ. ತಾಳಮದ್ದಳೆಯಲ್ಲಿ, ಅದೇ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಪ್ರಸಂಗ, ಅದರಲ್ಲಿ ಕೂರಿಸಿದರೆ ಅರ್ಧ ಗಂಟೆ ಅರ್ಥ ಹೇಳುತ್ತಾಳೆ. ಎದುರಿನವರು ಹೊಸ ಪ್ರಶ್ನೆ ಎಸೆದರೂ ತಡವರಿಸಲ್ಲ. ಅದೇ ಮಾತನ್ನು ಬರೆ ಅಂದರೆ ನಾಲ್ಕು ಸಾಲಿಗೆ ಕೈ ಸೋಲುತ್ತೆ. ಬರೆದದ್ದು ಅವಳಿಗೇ ಓದೋಕೆ ಆಗಲ್ಲ. ಏಳನೇ ಕ್ಲಾಸಿನಲ್ಲಿ ಮಾರ್ಕ್ಸ್ ಬಿತ್ತು ಅಂತ ನಾನು ತಾಳಮದ್ದಳೆ ಬಿಡಿಸಿದೆ. ಮಾರ್ಕ್ಸ್ ಏರಲಿಲ್ಲ. ಮಗಳು ಮಾತು ಬಿಟ್ಟಳು, ಮನೆಯಲ್ಲೂ. ಆ ಒಂದು ವರ್ಷ ನನ್ನ ಕೈಯಾರೆ ಹಾಳು ಮಾಡಿದ್ದು. ನಿಮ್ಮ ಮಗ ಚೀಟಿಗೆ ಬಾಯಿ ಬಿಡಲ್ಲ ಅಂದಿರಲ್ಲ, ಅದು ಓದಿ ಇದನ್ನು ಬರೆಯಲೇಬೇಕು ಅನಿಸಿತು. ಲೆಕ್ಕದ ಹುಚ್ಚು ಬಿಡಿಸಬೇಡಿ. ಬೇರೆ ಏನು ಬಿಟ್ಟರೂ ಪರವಾಗಿಲ್ಲ.

ಸರ್ಟಿಫಿಕೇಟ್ ಫೈಲಿನಲ್ಲಿರುತ್ತೆ, ಹಣೆ ಮೇಲಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಮಾತ್ರ ಇತ್ತು. 2016ರ ಕಾಯ್ದೆಯಲ್ಲಿ ಅದು 21 ಆಯಿತು. ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ ಥರದ್ದು, ಸೇರಿದ್ದು ಆಗಲೇ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿಗೆ, ಆನ್‌ಲೈನಲ್ಲಿ ಅರ್ಜಿ ಹಾಕಬೇಕು. ನಮ್ಮ ಪಂಚಾಯ್ತಿಯಲ್ಲಿ ಅಂಗವಿಕಲರ ಕೆಲಸ ನೋಡುವ ವಿಆರ್‌ಡಬ್ಲ್ಯು ಹಾಕಿಕೊಟ್ಟರು, ನಿಮ್ಮಲ್ಲೂ ಇರುತ್ತಾರೆ. ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ ಎರಡರಲ್ಲೂ ವಿಚಾರಿಸಿ. ನಾವು ಪೂರ್ತಿ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗಿದ್ದೆವು.

ಎಸ್ಸೆಸ್ಸೆಲ್ಸಿಗೆ ಅವಳಿಗೆ ಹೆಚ್ಚು ಸಮಯ ಸಿಕ್ಕಿತು, ಬರೆದುಕೊಡೋಕೆ ಒಂಬತ್ತನೇ ಕ್ಲಾಸಿನ ಹುಡುಗಿ ಸಿಕ್ಕಿದಳು. ಸಿಕ್ಕಿದ ಕೂಡಲೇ ಎಲ್ಲ ಸಲೀಸು ಅಂದುಕೊಂಡಿದ್ದೆವು. ಮೊದಲ ಸಲ ಮನೆಯಲ್ಲಿ ಅಭ್ಯಾಸ ಮಾಡಿದಾಗ ಇವಳು ಅರ್ಥ ಹೇಳುವ ಜೋರಿನಲ್ಲೇ ಹೋದಳು. ಪಾಪ, ಆ ಹುಡುಗಿ ಮೂರನೇ ಸಾಲಿಗೇ ಪೆನ್ ಇಟ್ಟುಬಿಟ್ಟಳು. ತ್ರಿಭುಜ ಬರೆಸೋದಂತೂ ಇನ್ನೊಂದು ಕತೆ. "ಎ ಇಲ್ಲಿ, ಬಿ ಅಲ್ಲಿ" ಅಂದರೆ ಎಲ್ಲಿ? ಹೇಳಿ ಬರೆಸೋದನ್ನೇ ಎರಡು ತಿಂಗಳು ಕಲಿತರು, ಇಬ್ಬರೂ.

ಅಡಿಕೆಮಂಡಿ · ಮಂಗಳವಾರ ಮಧ್ಯಾಹ್ನ

ಬೇರೆಯವರು ಬರೆದುಕೊಟ್ಟರೆ ಅದು ಪರೀಕ್ಷೆ ಹೇಗೆ ಆಗುತ್ತೆ? ಉಳಿದ ಮಕ್ಕಳಿಗೆ ಅನ್ಯಾಯ ಅಲ್ವಾ?

ಎರಡನೇ ಪಿಯು · ಮಂಗಳವಾರ ಸಂಜೆ

ಮಂಡಿ ಅಣ್ಣ, ಲೆಕ್ಕ ನಿಮ್ಮ ತಲೆಯಲ್ಲಿ, ಬರೆಯೋದು ಗುಮಾಸ್ತ ಅಂದಿರಿ. ಮಂಡಿ ಯಾರದ್ದು, ನಿಮ್ಮದೋ ಗುಮಾಸ್ತನದ್ದೋ?

ಅಡಿಕೆಮಂಡಿ · ಮಂಗಳವಾರ ಸಂಜೆ

ಹ್ಹಹ್ಹ. ಸಿಕ್ಕಿಹಾಕಿಕೊಂಡೆ ಬಿಡಪ್ಪ.

ಎರಡನೇ ಪಿಯು · ಮಂಗಳವಾರ ರಾತ್ರಿ

ನಾನು ಶಿವಮೊಗ್ಗದಲ್ಲಿ ಓದುತ್ತಿದ್ದೇನೆ, ಸೈನ್ಸು. ನನಗೆ ಡಿಸ್ಲೆಕ್ಸಿಯಾ ಇದೆ. ಇದನ್ನು ಮಾತಾಡಿ ಟೈಪ್ ಮಾಡುತ್ತಿದ್ದೇನೆ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿದರೆ ಕನ್ನಡ ಬರೆದುಕೊಳ್ಳುತ್ತೆ. "ಒತ್ತು" ಅಂದರೆ "ಹೊತ್ತು" ಅಂತ ಬರೆದಿತ್ತು, ಅಕ್ಕ ನೋಡಿ ಸರಿಮಾಡಿದಳು. ನಿಮ್ಮ ಮಗನಿಗೆ ಇದನ್ನು ಕಲಿಸಿ. ಮನಸ್ಸಿನಲ್ಲಿದ್ದದ್ದು ಒಂದು ಪುಟ ಆಗಿ ಕಣ್ಣೆದುರು ಬಂದಾಗ ಆಗುವ ಖುಷಿನೇ ಬೇರೆ.

ಓದೋಕೆ ಫೋನೇ ಓದಿ ಹೇಳುವ ವ್ಯವಸ್ಥೆ ಇದೆ, ಕನ್ನಡದಲ್ಲೂ. ಆದರೆ ಒಂದು ತಲೆನೋವು. ನನಗೆ ಸಿಕ್ಕಿದ ಪಠ್ಯಪುಸ್ತಕದ ಪಿಡಿಎಫ್‌ಗಳಲ್ಲಿ ಹಳೆ ಫಾಂಟ್ ಇತ್ತು, ಯೂನಿಕೋಡ್ ಅಲ್ಲ. ಫೋನಿಗೆ ಕೊಟ್ಟರೆ ಯಾವ ಭಾಷೆಯೂ ಅಲ್ಲದ್ದನ್ನು ಓದುತ್ತೆ. ಅದಕ್ಕೆ ಅಮ್ಮ ಪಾಠಗಳನ್ನು ತಾನೇ ಓದಿ ರೆಕಾರ್ಡ್ ಮಾಡಿಟ್ಟಳು. ಹಿಂದೆ ಕುಕ್ಕರ್ ಸೀಟಿ, ಮಳೆ ಸದ್ದು ಎಲ್ಲ ಇದೆ. ಈಗಲೂ ದ್ಯುತಿಸಂಶ್ಲೇಷಣೆ ಅಂದರೆ ನನಗೆ ಮೂರು ಸೀಟಿ ನೆನಪಾಗುತ್ತೆ.

ಇನ್ನೊಂದು. ಕ್ಲಾಸಲ್ಲಿ ಎದ್ದು ನಿಂತು ಜೋರಾಗಿ ಓದು ಅನ್ನೋದನ್ನು ನಿಲ್ಲಿಸೋಕೆ ಟೀಚರ್‌ಗೆ ಹೇಳಿ. ಬೇಕಾದರೆ ಹಿಂದಿನ ದಿನವೇ ಯಾವ ಸಾಲು ಅಂತ ಹೇಳಲಿ. ನನ್ನ ಸರದಿ ಬರೋಕೆ ಇನ್ನು ಎಷ್ಟು ಜನ ಅಂತ ಎಣಿಸುತ್ತಾ ನಾನು ಎಷ್ಟು ಪಾಠ ಕಳೆದುಕೊಂಡೆನೋ ಲೆಕ್ಕ ಇಲ್ಲ.

ಹೊಸನಗರದ ಮೇಷ್ಟ್ರು · ಮಂಗಳವಾರ ರಾತ್ರಿ

ಈ ಕೊನೆ ಮಾತು ನನ್ನ ಸ್ಟಾಫ್ ರೂಮಿನ ಗೋಡೆಗೆ ಅಂಟಿಸುತ್ತೇನೆ ತಮ್ಮಾ.

ಅಕ್ಕ, ಮನೆಯಲ್ಲಿ ಮಾಡಬಹುದಾದ್ದು ಹೇಳುತ್ತೇನೆ. ಮೊರದಲ್ಲಿ ಅಕ್ಕಿತರಿ ಹರಡಿ. ಬೆರಳಲ್ಲಿ ಬರೆಸಿ, ಬರೆಯುವಾಗ ಬಾಯಲ್ಲಿ ಸದ್ದು ಬರಲಿ. "ಅಜ್ಜ" ಅಂದರೆ ಮೊದಲು ಚಪ್ಪಾಳೆ ತಟ್ಟಿಸಿ. ಅಜ್, ಜ. ನಾಲಿಗೆ ಎಲ್ಲಿ ನಿಂತು ಹೊರಟಿತು ಕೇಳಿ. ನಿಂತಲ್ಲಿ ಒತ್ತು ಇದೆ. ಒಂದು ವಾರಕ್ಕೆ ಒಂದೇ ಒತ್ತು. ದಿನಕ್ಕೆ 15 ನಿಮಿಷ, ಜಾಸ್ತಿ ಬೇಡ. ಗಣಿತಕ್ಕೆ ಚೌಕದ ಪುಸ್ತಕ, ಒಂದು ಚೌಕಕ್ಕೆ ಒಂದೇ ಅಂಕಿ. ಬೋರ್ಡಿನಿಂದ ಇಳಿಸುವಾಗ ಬಾಯಲ್ಲಿ "ಇಪ್ಪತ್ತೇಳು, ಎರಡು, ಏಳು" ಅಂತ ಹೇಳಿಕೊಂಡು ಬರೆಯಲಿ. ಕ್ರಮ ಅವನು ಹೇಳಲಿ, ನೀವು ಬರೆಯಿರಿ. ಟೀಚರ್‌ಗೆ ಆ ಪುಸ್ತಕ ತೋರಿಸಿ. ನೋಡಿ ಬರೆದದ್ದಲ್ಲ ಅಂತ ಅವರಿಗೂ ಗೊತ್ತಾಗಲಿ.

ನಿಮ್ಮ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಅವರನ್ನು ಕಾಣಿ. ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದ ಪಟ್ಟಿಯಲ್ಲೂ ಕಲಿಕೆಯ ತೊಂದರೆ ಇದೆ. ಹಲ್ಲು, ಕಣ್ಣು ನೋಡಿ ಹೋಗಿಬಿಡುತ್ತಾರೆ, ನೀವು ಕೇಳಬೇಕು.

ನವೋದಯದ್ದು: ಪ್ರಶ್ನೆಪತ್ರಿಕೆ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ 40 ಪ್ರಶ್ನೆ, 50 ಅಂಕ ಬರೀ ಚಿತ್ರ. ಓದೋಕೆ ಏನೂ ಇಲ್ಲ, ಆಕೃತಿ ನೋಡಿ ಹೊಂದಿಸೋದು. ಅಂಕಗಣಿತ 25. ಭಾಷೆ 25, ಅಲ್ಲಿ ಪೆಟ್ಟು ಬೀಳುತ್ತೆ. ಪ್ರಮಾಣಪತ್ರ ಇದ್ದರೆ ಹೆಚ್ಚುವರಿ ಸಮಯ ಕೇಳಬಹುದು. ಓದೋಕೆ ಬರದವನಿಗೆ ಯಾಕೆ ಅನ್ನೋರಿಗೆ ಆ ಮೊದಲ 40 ಪ್ರಶ್ನೆ ತೋರಿಸಿ.

ಸಾಗರದಿಂದ · ಮಂಗಳವಾರ ರಾತ್ರಿ

ಮೇಷ್ಟ್ರೇ, ಪಾಸಾಗೋದು ಒಂದು, ಅಲ್ಲಿ ಇರೋದು ಇನ್ನೊಂದು. ನಮ್ಮ ಜಿಲ್ಲೆಯ ನವೋದಯ ಇರುವ ಗಾಜನೂರು ದೂರ ಏನಲ್ಲ, ಆದರೆ ಅದು ಹಾಸ್ಟೆಲ್. ರಾತ್ರಿ ಪಾಠ ಓದಿ ಹೇಳೋಕೆ ಅಮ್ಮ ಇರಲ್ಲ. ಎಂಟನೇ ತರಗತಿ ಆದಮೇಲೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ. ಹಿಂದಿ ಬೇರೆ. ಒಂದು ಲಿಪಿಯಲ್ಲೇ ಒದ್ದಾಡುತ್ತಿರುವ ಮಗುವಿಗೆ ಮೂರು ಲಿಪಿ. ನಾನಾಗಿದ್ದರೆ ಕಳಿಸುತ್ತಿರಲಿಲ್ಲ.

ಹೊಸನಗರದ ಮೇಷ್ಟ್ರು · ಬುಧವಾರ ಬೆಳಿಗ್ಗೆ

ಅದೂ ಸರಿಯೇ. ಆದರೆ ಊರ ಶಾಲೆಯಲ್ಲಿ ಅವನ ಲೆಕ್ಕಕ್ಕೆ ಜೊತೆ ಯಾರು? ಪರೀಕ್ಷೆ ಬರೆಯಲಿ. ಹೋಗೋದು ಬಿಡೋದು ಆಮೇಲೆ.

ಮಲೆನಾಡ ಮಳೆ · ಬುಧವಾರ ಬೆಳಿಗ್ಗೆ

ಅವನನ್ನೂ ಒಂದು ಮಾತು ಕೇಳಿ. ಹತ್ತು ವರ್ಷದವನಿಗೆ ಅಭಿಪ್ರಾಯ ಇರುತ್ತೆ.

ತುಂಗಾತೀರ · ಹತ್ತು ದಿನದ ಮೇಲೆ, ಶನಿವಾರ

ತಡ ಆಯಿತು, ಕ್ಷಮಿಸಿ. ಜಡಿಮಳೆ, ಮೂರು ದಿನ ಕರೆಂಟೇ ಇರಲಿಲ್ಲ.

ಮಾವ, ಅಂದರೆ ಅವನ ಅಜ್ಜ, ತಾವೇ ಶಾಲೆಗೆ ಬಂದರು. ಟೀಚರ್ ಎದುರು ಜೇಬಿನಿಂದ ಮಂಡಿ ಚೀಟಿ ತೆಗೆದು ಓದಿದರು. ಇವನು ಮೊದಲು ಸುಮ್ಮನೆ ನಿಂತಿದ್ದ. ಆಮೇಲೆ ಬಹಳ ಮೆಲ್ಲಗೆ ಹೇಳಿದ. ಟೀಚರ್ ಬೋರ್ಡಿನ ಮೇಲೆ ಗುಣಿಸಿ ನೋಡಿದರು, ಎರಡು ಸಲ. ಏನೂ ಮಾತಾಡಲಿಲ್ಲ. ಹೊರಡುವಾಗ "ಇನ್ನು ಗಣಿತ ಟೆಸ್ಟು ಬಾಯಲ್ಲಿ ಕೇಳುತ್ತೇನೆ, ಬರಹದ್ದು ಬೇರೆ ನೋಡೋಣ" ಅಂದರು. ಒಳ್ಳೆಯವರೇ ಅವರು.

ಕಣ್ಣು, ಕಿವಿ ಸರಿ ಇದೆ. ಮೆಗ್ಗಾನ್‌ಗೂ ಹೋಗಿ ಬಂದೆವು. ಮೈಸೂರಿನಲ್ಲಿ ಪೂರ್ತಿ ಪರೀಕ್ಷೆಗೆ ಮುಂದಿನ ತಿಂಗಳು ಹೋಗೋದು ಅಂತ ಆಗಿದೆ. ಸರ್ಟಿಫಿಕೇಟ್ ವಿಷಯ ಆಮೇಲೆ ನೋಡೋಣ ಅಂದಿದ್ದಾರೆ ಇವರು. ಅಷ್ಟಾದರೂ ಮಾತಾಡಿದರಲ್ಲ. ನವೋದಯ ಅರ್ಜಿ ಹಾಕಿದ್ದೇವೆ. ಅವನನ್ನು ಕೇಳಿದೆ. "ಚಿತ್ರದ್ದು ಬರೀತೀನಿ, ಬೆಕ್ಕನ್ನ ಬಿಟ್ಟು ಹಾಸ್ಟೆಲಿಗೆ ಹೋಗಲ್ಲ" ಅಂದ.

ಮೊರದಲ್ಲಿ ಈ ವಾರ "ಜ್ಜ" ನಡೆಯುತ್ತಿದೆ. ಅಜ್ಜ, ಮಜ್ಜಿಗೆ, ಹೆಜ್ಜೆ. ಅಕ್ಕಿತರಿ ಅರ್ಧ ಕೋಳಿ ಪಾಲು.

ಸಾಗರದ ಅಣ್ಣ, ಮೈಸೂರಿಗೆ ರೈಲಾ ಬಸ್ಸಾ? ಅಲ್ಲಿ ಒಂದೇ ದಿನಕ್ಕೆ ಮುಗಿಯುತ್ತಾ?

ಸಾಗರದಿಂದ · ಶನಿವಾರ

ತಾಳಗುಪ್ಪದಿಂದ ಬರುವ ಮೈಸೂರು ರೈಲನ್ನು ಶಿವಮೊಗ್ಗದಲ್ಲಿ ಹಿಡಿಯಿರಿ. ಹುಡುಗನಿಗೆ ಬಸ್ಸಿಗಿಂತ ಅದೇ ಆರಾಮ. ಒಂದು ದಿನಕ್ಕೆ ಮುಗಿಯುತ್ತೆ ಅಂತ ಹೋಗಬೇಡಿ, ನಮಗೆ ಎರಡು ದಿನ ಹಿಡಿಯಿತು. ಬೆಳಿಗ್ಗೆ ತಿಂಡಿ ಗಟ್ಟಿಯಾಗಿ ತಿನ್ನಿಸಿ. ಸುಸ್ತಾದ ಮೇಲೆ ಮಾಡಿದ ಪರೀಕ್ಷೆ ಸರಿ ಬರಲ್ಲ.

ಮೂರನೇ ಕ್ಲಾಸಿನಿಂದ ಇರುವ ಹಳೆ ನೋಟ್‌ಬುಕ್ ಎಲ್ಲ ತೆಗೆದುಕೊಂಡು ಹೋಗಿ. ಚಂದ ಮಾಡಿ ಬರೆಸಿದ ಕಾಪಿ ಪುಸ್ತಕ ಬೇಡ. ಆ ಕೆಂಪು ಇಂಕಿನ ಗಣಿತ ಪೇಪರ್ ಇದ್ದರೆ ಅದನ್ನು ಮೊದಲು ಇಡಿ.

ಅಡಿಕೆಮಂಡಿ · ಶನಿವಾರ ರಾತ್ರಿ

ಆ ಮಂಡಿ ಚೀಟಿಯನ್ನೂ ಇಟ್ಟುಕೊಳ್ಳಿ ಅಕ್ಕ.